ಗಾಳದ ಕೋಲಿಗೆ ಗಾಜಿನ ಹೊಳಪು

ಮೂರು ವಾರ ಕೂತು ಮಾಡಿದ ಕೆಲಸ ಹತ್ತೇ ನಿಮಿಷದಲ್ಲಿ ಕೆಟ್ಟುಹೋಗುವ ಕಸುಬುಗಳು ಕೆಲವಿವೆ. ಕೈಯಿಂದ ಗಾಳದ ಕೋಲು ಕಟ್ಟುವ ಕಸುಬು ಅವುಗಳಲ್ಲಿ ಒಂದು. ಹದವಾದ ಕೋಲನ್ನು ಆರಿಸಿ, ಕಾರ್ಕಿನ ಹಿಡಿಕೆ ಕೂರಿಸಿ, ಗಾಳದ ದಾರ ಹಾದುಹೋಗುವ ಲೋಹದ ಉಂಗುರಗಳನ್ನು ಒಂದೊಂದಾಗಿ ನೂಲಿನಿಂದ ಬಿಗಿದು, ಎಳೆಯ ಪಕ್ಕಕ್ಕೆ ಎಳೆ ಒತ್ತಾಗಿ ಸುತ್ತಿ, ಕೊನೆಗೆ ಆ ನೂಲಿನ ಮೇಲೆ ಎಪಾಕ್ಸಿ ಎಂಬ ಪಾರದರ್ಶಕ ಲೇಪ ಬಳಿಯುತ್ತಾರೆ. ಅದು ಗಟ್ಟಿಯಾದಾಗ ನೂಲಿನ ಮೇಲೆ ಗಾಜಿನ ಕವಚ ತೊಡಿಸಿದಂತೆ ಕಾಣಬೇಕು. ಆದರೆ ಬಹಳ ಸಲ ಮರುದಿನ ಬೆಳಿಗ್ಗೆ ಕಾಣುವುದೇ ಬೇರೆ. ಒಂದೆಡೆ ಮುಟ್ಟಿದರೆ ಬೆರಳಿಗೆ ಅಂಟುವ ಜಿಗುಟು, ಇನ್ನೊಂದೆಡೆ ಸಾಸಿವೆ ಕಾಳಿನಷ್ಟು ಗುಳ್ಳೆಗಳ ಸಾಲು, ಮತ್ತೊಂದೆಡೆ ಕೆಳಗೆ ಇಳಿದು ತೊಟ್ಟಾಗಿ ನಿಂತ ಉಬ್ಬು!

‘ಕೈ ಪಳಗಿಲ್ಲ, ಅದಕ್ಕೇ ಹೀಗಾಯಿತು’ ಎಂದು ಸುತ್ತಲಿನವರು ಹೇಳುವುದುಂಟು. ಆ ಮಾತು ಅರ್ಧ ಮಾತ್ರ ನಿಜ. ಈ ಕೆಲಸದಲ್ಲಿ ಕೈಚಳಕಕ್ಕಿಂತ ಹೆಚ್ಚಾಗಿ ಬೇಕಾದದ್ದು, ಆ ಲೇಪ ಏನು ಮಾಡುತ್ತದೆ ಎಂಬ ತಿಳಿವಳಿಕೆ. ಜಿಗುಟು, ಗುಳ್ಳೆ, ಉಬ್ಬು, ಮಬ್ಬು ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣವಿದೆ. ಆ ಕಾರಣಗಳೆಲ್ಲ ಪ್ರೌಢಶಾಲೆ ಮತ್ತು ಪಿಯುಸಿಯ ವಿಜ್ಞಾನ ಪುಸ್ತಕಗಳಲ್ಲೇ ಇವೆ.

ಬಿದಿರಿನಿಂದ ಕಾರ್ಬನ್‌ವರೆಗೆ

ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಗಾಳದ ಕೋಲು ಕಟ್ಟುವುದು ಹಳೆಯ ಹವ್ಯಾಸ. ಕಾರ್ಖಾನೆಯಲ್ಲಿ ತಯಾರಾದ ಕೋಲು ಅಂಗಡಿಯಲ್ಲಿ ಸಿಕ್ಕರೂ, ಬಿಡಿಭಾಗಗಳನ್ನು ತಂದು ಮನೆಯ ಗ್ಯಾರೇಜಿನಲ್ಲೇ ಜೋಡಿಸಿಕೊಳ್ಳುವವರು ಅಲ್ಲಿ ಬಹಳ ಮಂದಿ. ತನ್ನ ತೋಳಿನ ಬಲಕ್ಕೆ, ತಾನು ಹಿಡಿಯುವ ಮೀನಿನ ತೂಕಕ್ಕೆ ಹೊಂದುವ ಕೋಲು ಬೇಕೆಂಬುದು ಒಂದು ಕಾರಣ. ತನ್ನ ಕೈಯಲ್ಲೇ ಮಾಡಿದ್ದೆಂಬ ಸಂತೋಷ ಇನ್ನೊಂದು.

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಫಿಲಿಪ್ ಎಂಬ ಬಂದೂಕು ತಯಾರಕ ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಕೋಲು ಮಾಡಿದ. ಮುಂದೆ ಆರು ತ್ರಿಕೋನಾಕಾರದ ಸೀಳುಗಳನ್ನು ಕೂಡಿಸಿ ಷಟ್ಕೋನದ ಕೋಲು ಮಾಡುವುದು ರೂಢಿಯಾಯಿತು. ಆ ಕಾಲದ ಬಿದಿರು ಹೋಗುತ್ತಿದ್ದುದು ನಮ್ಮ ದೇಶದಿಂದ. ಅಲ್ಲಿನವರು ಅದನ್ನು ‘ಕಲ್ಕತ್ತಾ ಬಿದಿರು’ ಎಂದೇ ಕರೆಯುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ‘ಟಾಂಕಿನ್’ ಬಿದಿರು ಅದರ ಜಾಗವನ್ನು ಹಿಡಿಯಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಗಾಜಿನ ನಾರಿನ ಕೋಲು ಬಂತು. 1970ರ ದಶಕದ ಆರಂಭದಲ್ಲಿ ಕಾರ್ಬನ್ ನಾರಿನ ಕೋಲು ಮಾರುಕಟ್ಟೆಗೆ ಇಳಿಯಿತು.

ಈ ಹವ್ಯಾಸಕ್ಕೂ ಕನ್ನಡನಾಡಿಗೂ ಒಂದು ನಂಟಿದೆ. ಭಾರತದ ನದಿಗಳಲ್ಲಿ ಗಾಳ ಹಾಕುವುದನ್ನು ಕುರಿತು ಎಚ್.ಎಸ್. ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಹೆಸರಾಂತ ಪುಸ್ತಕ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ.

ಬಿದಿರಿನ ಕೋಲಿನ ಕಾಲದಲ್ಲಿ ನೂಲಿನ ಮೇಲೆ ಬಳಿಯುತ್ತಿದ್ದುದು ವಾರ್ನಿಷ್. ವಾರ್ನಿಷಿನಲ್ಲಿ ದ್ರಾವಕವಿರುತ್ತದೆ. ಅದು ಗಾಳಿಗೆ ಹಾರಿಹೋದಂತೆ ಲೇಪ ತೆಳುವಾಗುತ್ತದೆ. ಆದ್ದರಿಂದ ಒಂದರ ಮೇಲೊಂದು ಹಲವಾರು ಸಲ ಬಳಿಯಬೇಕು, ಪ್ರತಿ ಸಲವೂ ಒಣಗಲು ಕಾಯಬೇಕು. ಈ ಕೋಲುಗಳಿಗೆ ಬಳಸುವ ಎಪಾಕ್ಸಿಯಲ್ಲಿ ಹಾರಿಹೋಗುವ ದ್ರಾವಕ ಇಲ್ಲವೆಂದೇ ಹೇಳಬಹುದು. ಬಳಿದದ್ದೆಲ್ಲ ಅಲ್ಲೇ ಉಳಿಯುತ್ತದೆ. ಹೀಗಾಗಿ ಎರಡು ತೆಳು ಲೇಪಗಳಲ್ಲಿ ಕೆಲಸ ಮುಗಿಯುತ್ತದೆ. ಅನುಕೂಲದ ಜೊತೆಗೇ ಅಪಾಯವೂ ಇದೆ. ತಪ್ಪು ಮಾಡಿದರೆ ಆ ತಪ್ಪೂ ಅಲ್ಲೇ ಉಳಿಯುತ್ತದೆ!

ಇದು ಬರೀ ಅಂದದ ಮಾತೂ ಅಲ್ಲ. ಉಂಗುರದ ಪಾದವನ್ನು ಕೋಲಿಗೆ ಹಿಡಿದಿಟ್ಟಿರುವುದು ಆ ನೂಲು. ನೂಲನ್ನು ನೀರು, ಮರಳು, ಉಜ್ಜಾಟಗಳಿಂದ ಕಾಯುವುದು ಲೇಪ. ಲೇಪ ಬಿರುಕು ಬಿಟ್ಟರೆ ಒಳಗೆ ನೀರು ಸೇರುತ್ತದೆ. ಉಪ್ಪುನೀರಾದರೆ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಲೇಪ ಮೆತ್ತಗಿದ್ದರೆ ಎಳೆತ ಬಿದ್ದಾಗ ಉಂಗುರ ಜಾರಬಹುದು.

ಒಣಗುವುದಲ್ಲ, ಕೂಡುವುದು

ಎಪಾಕ್ಸಿ ನಮಗೆ ಹೊಸದೇನಲ್ಲ. ಮನೆಯಲ್ಲಿ ಮುರಿದ ಪಿಂಗಾಣಿ ಬಟ್ಟಲನ್ನು ಅಂಟಿಸಲು ತರುವ ಅರಾಲ್ಡೈಟ್‌ನ ಎರಡು ಟ್ಯೂಬುಗಳನ್ನು ನೆನಪಿಸಿಕೊಳ್ಳಿ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಮತ್ತು ಅಮೆರಿಕದ ಸಿಲ್ವನ್ ಗ್ರೀನ್ಲಿ ಎಂಬ ರಸಾಯನ ವಿಜ್ಞಾನಿಗಳು 1930 ಮತ್ತು 40ರ ದಶಕಗಳಲ್ಲಿ ಈ ರಾಳಗಳನ್ನು ರೂಪಿಸಿದರು. ಕಾಸ್ತಾನ್ ಹುಡುಕುತ್ತಿದ್ದುದು ಕಟ್ಟು ಹಲ್ಲಿನ ಕೆಲಸಕ್ಕೆ ಬರುವ ವಸ್ತುವನ್ನು. ಅದು ಅಂಟಾಗಿ ಹೆಸರು ಮಾಡಿತು. ಸೀಬಾ ಕಂಪೆನಿ 1946ರಲ್ಲಿ ಅರಾಲ್ಡೈಟ್ ಹೆಸರಿನಲ್ಲಿ ಅದನ್ನು ಜನರ ಮುಂದಿಟ್ಟಿತು.

ಎಪಾಕ್ಸಿ ಒಣಗುತ್ತದೆ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ. ನಿಜಕ್ಕೂ ಅದು ಒಣಗುವುದಿಲ್ಲ. ಒದ್ದೆ ಬಟ್ಟೆ ಒಣಗುವಾಗ ನೀರು ಹೊರಗೆ ಹೋಗುತ್ತದೆ. ಎಪಾಕ್ಸಿಯಿಂದ ಏನೂ ಹೊರಗೆ ಹೋಗುವುದಿಲ್ಲ. ಒಳಗಿರುವ ಅಣುಗಳು ಒಂದನ್ನೊಂದು ಕೈಹಿಡಿದು ಬಲೆಯಾಗುತ್ತವೆ.

ರಾಳದ ಅಣುವಿನ ತುದಿಗಳಲ್ಲಿ ಎರಡು ಕಾರ್ಬನ್ ಮತ್ತು ಒಂದು ಆಮ್ಲಜನಕದ ಪರಮಾಣುಗಳು ಸೇರಿ ಆದ ಪುಟ್ಟ ತ್ರಿಕೋನವಿರುತ್ತದೆ. ಅದೇ ಎಪಾಕ್ಸೈಡ್ ಉಂಗುರ. ಕಾರ್ಬನ್ನಿನ ಬಂಧಗಳ ನಡುವೆ ಸಾಮಾನ್ಯವಾಗಿ 109 ಡಿಗ್ರಿಯಷ್ಟು ಕೋನವಿರಬೇಕು. ಈ ತ್ರಿಕೋನದಲ್ಲಿ ಅದು 60 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಬಗ್ಗಿಸಿ ಹಿಡಿದ ಬಿದಿರಿನ ಗಳು ಸಿಡಿಯಲು ಕಾದಿರುವಂತೆ ಈ ಉಂಗುರ ಬಿಚ್ಚಿಕೊಳ್ಳಲು ಕಾದಿರುತ್ತದೆ. ಗಟ್ಟಿಕಾರಕದಲ್ಲಿರುವುದು ಅಮೀನ್ ಎಂಬ ಸಂಯುಕ್ತ. ಅದರ ನೈಟ್ರೋಜನ್ ಪರಮಾಣುವಿಗೆ ಅಂಟಿದ ಒಂದೊಂದು ಜಲಜನಕವೂ ಒಂದೊಂದು ಉಂಗುರವನ್ನು ಬಿಚ್ಚಬಲ್ಲದು. ಬಿಚ್ಚಿದ ಕಡೆ ರಾಳವೂ ನೈಟ್ರೋಜನ್ನೂ ಬೆಸೆದುಕೊಳ್ಳುತ್ತವೆ. ಹೀಗೆ ಸಾವಿರಾರು ಕಡೆ ಬೆಸುಗೆಯಾದಾಗ ದ್ರವ ಹೋಗಿ ಘನವಾದ ಬಲೆ ಉಳಿಯುತ್ತದೆ. ಮೊಟ್ಟೆ ಬೆಂದ ಮೇಲೆ ಮತ್ತೆ ಹಸಿಯಾಗದು. ಹಾಗೆಯೇ ಈ ಬಲೆಯನ್ನು ಕಾಯಿಸಿ ಮತ್ತೆ ಕರಗಿಸಲಾಗದು.

ಕೋಲಾಟದ ಲೆಕ್ಕ

ಇಲ್ಲಿಂದಲೇ ಮೊದಲ ಪಾಠ ಹೊರಡುತ್ತದೆ. ಕೋಲಾಟದಲ್ಲಿ ಜೋಡಿ ಇಲ್ಲದವರು ಸುಮ್ಮನೆ ನಿಲ್ಲಬೇಕಾಗುತ್ತದೆ. ಎಪಾಕ್ಸಿಯಲ್ಲೂ ಹಾಗೆಯೇ. ಒಂದು ಕಡೆಯವರು ಹೆಚ್ಚಾದರೆ ಮಿಕ್ಕವರು ಜೋಡಿ ಸಿಗದೆ ಬಲೆಯೊಳಗೆ ಅಲೆಯುತ್ತಾರೆ. ಜಿಗುಟು ಎಂದರೆ ಅದೇ. ‘ಬೇಗ ಗಟ್ಟಿಯಾಗಲಿ’ ಎಂದು ಗಟ್ಟಿಕಾರಕವನ್ನು ನಾಲ್ಕು ಹನಿ ಹೆಚ್ಚು ಹಾಕುವವರಿದ್ದಾರೆ. ಅದರಿಂದ ಬೇಗ ಗಟ್ಟಿಯಾಗುವ ಬದಲು, ಎಂದೆಂದೂ ಸರಿಯಾಗಿ ಗಟ್ಟಿಯಾಗದ ಲೇಪ ಸಿಗುತ್ತದೆ. ಹೆಸರಿನಲ್ಲಿ ‘ಗಟ್ಟಿ’ ಎಂದಿದ್ದ ಮಾತ್ರಕ್ಕೆ ಅದು ಔಷಧವಲ್ಲ, ಬಲೆಯ ಅರ್ಧ ಭಾಗ.

ಗಾಳದ ಕೋಲಿಗೆಂದೇ ಮಾರುವ ಎಪಾಕ್ಸಿಗಳಲ್ಲಿ ರಾಳ ಮತ್ತು ಗಟ್ಟಿಕಾರಕಗಳನ್ನು ಸಾಮಾನ್ಯವಾಗಿ ಸಮ ಗಾತ್ರದಲ್ಲಿ ಬೆರೆಸಬೇಕು. ಗಾತ್ರ ಎಂಬ ಮಾತನ್ನು ಗಮನಿಸಬೇಕು, ತೂಕವಲ್ಲ. ಸಾಮಾನ್ಯ ಎಪಾಕ್ಸಿ ರಾಳದ ಸಾಂದ್ರತೆ ಒಂದು ಮಿಲಿಲೀಟರಿಗೆ ಸುಮಾರು 1.16 ಗ್ರಾಂ. ಗಟ್ಟಿಕಾರಕ ಅದಕ್ಕಿಂತ ಹಗುರ, ಬಹುಮಟ್ಟಿಗೆ ನೀರಿನಷ್ಟೇ. ಆಭರಣದ ತಕ್ಕಡಿಯಲ್ಲಿ ಸಮ ತೂಕ ತೂಗಿ ಬೆರೆಸಿದರೆ ಗಟ್ಟಿಕಾರಕ ಸುಮಾರು ಶೇಕಡ 16ರಷ್ಟು ಹೆಚ್ಚಾಗುತ್ತದೆ. ಎಷ್ಟು ಜಾಗರೂಕತೆಯಿಂದ ತೂಗಿದರೂ ಫಲ ಜಿಗುಟೇ!

ಪ್ರಮಾಣ ತೀರಾ ಕಡಿಮೆಯಾದರೂ ಕಷ್ಟ. ಸಿರಿಂಜಿನಲ್ಲಿ ಅಳೆಯುವಾಗ 0.1 ಮಿಲಿಲೀಟರಿನಷ್ಟು ಹೆಚ್ಚುಕಡಿಮೆ ಆಗುವುದು ಸಹಜ. ತಲಾ 3 ಮಿಲಿಲೀಟರ್ ತೆಗೆದುಕೊಂಡಾಗ ಈ ದೋಷ ಸುಮಾರು ಶೇಕಡ 3ರಷ್ಟು ಮಾತ್ರ. ಉಳಿತಾಯ ಮಾಡಲು ಹೋಗಿ ತಲಾ ಅರ್ಧ ಮಿಲಿಲೀಟರ್ ತೆಗೆದುಕೊಂಡರೆ ಅದೇ ದೋಷ ಶೇಕಡ 20 ಆಗುತ್ತದೆ. ಆದ್ದರಿಂದ ನುರಿತವರು ಬೇಕಾದ್ದಕ್ಕಿಂತ ಹೆಚ್ಚೇ ಬೆರೆಸಿ, ಮಿಕ್ಕದ್ದನ್ನು ಎಸೆಯುತ್ತಾರೆ. ಕೆಲವು ರೂಪಾಯಿಯ ಎಪಾಕ್ಸಿ ಪೋಲಾಗಬಹುದು, ಆದರೆ ಕೋಲು ಉಳಿಯುತ್ತದೆ. ರಾಳಕ್ಕೊಂದು, ಗಟ್ಟಿಕಾರಕಕ್ಕೊಂದು ಎಂದು ಬೇರೆ ಬೇರೆ ಸಿರಿಂಜ್ ಇಡುವುದೂ ಕಡ್ಡಾಯ.

ಅಳತೆ ಸರಿಯಿದ್ದೂ ಬೆರೆಸುವುದು ಸಾಲದಿದ್ದರೆ ಅದೇ ತೊಂದರೆ. ಬಟ್ಟಲಿನ ಗೋಡೆಗೆ, ಬುಡದ ಮೂಲೆಗೆ ಅಂಟಿದ ರಾಳ ಜೋಡಿ ಕಾಣದೆ ಉಳಿದಿರುತ್ತದೆ. ಮೂರರಿಂದ ಐದು ನಿಮಿಷ ನಿಧಾನವಾಗಿ, ಗೋಡೆ ಬುಡಗಳನ್ನು ಕೆರೆಯುತ್ತ ಬೆರೆಸಬೇಕು. ಆಮೇಲೆ ಇನ್ನೊಂದು ಸ್ವಚ್ಛ ಬಟ್ಟಲಿಗೆ ಸುರಿದು ಮತ್ತೊಮ್ಮೆ ಬೆರೆಸಿದರೆ ಇನ್ನೂ ಒಳ್ಳೆಯದು. ಲೇಪದಲ್ಲಿ ಅಲ್ಲಲ್ಲಿ ಮಾತ್ರ ಜಿಗುಟಿದ್ದರೆ ಬೆರೆಸಿದ್ದು ಸಾಲದೆಂದು ಊಹಿಸಬಹುದು. ಎಲ್ಲ ಕಡೆಯೂ ಒಂದೇ ಸಮ ಜಿಗುಟಿದ್ದರೆ ಅಳತೆಯ ಮೇಲೆ ಅನುಮಾನ ಪಡಬಹುದು.

ಬಟ್ಟಲಿನ ಬಿಸಿ, ತಟ್ಟೆಯ ತಂಪು

ಅಣುಗಳು ಬೆಸೆದುಕೊಳ್ಳುವಾಗ ಶಾಖ ಹೊರಬರುತ್ತದೆ. ಇದು ಬಹಿರುಷ್ಣಕ ಕ್ರಿಯೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಒಂದು ಸ್ಥೂಲ ನಿಯಮ. ಆಳವಾದ ಬಟ್ಟಲಿನಲ್ಲಿ ಬೆರೆಸಿಟ್ಟ ಎಪಾಕ್ಸಿಯ ಬಿಸಿ ಹೊರಗೆ ಹೋಗಲಾರದೆ ಒಳಗೇ ಕೂಡುತ್ತದೆ. ಬಿಸಿಗೆ ಕ್ರಿಯೆ ಚುರುಕಾಗುತ್ತದೆ, ಚುರುಕಾದ ಕ್ರಿಯೆ ಇನ್ನಷ್ಟು ಬಿಸಿ ಕೊಡುತ್ತದೆ. ದೊಡ್ಡ ಪ್ರಮಾಣವಾದರೆ ಬಟ್ಟಲು ಮುಟ್ಟಲಾಗದಷ್ಟು ಕಾದು ಹೊಗೆ ಬರುವುದೂ ಉಂಟು. ಸಣ್ಣ ಪ್ರಮಾಣದಲ್ಲೂ ಅರ್ಧ ಕೆಲಸವಾಗುವಷ್ಟರಲ್ಲಿ ಎಪಾಕ್ಸಿ ಪಾಕದಂತೆ ದಪ್ಪಗಾಗಿ ಕುಂಚಕ್ಕೆ ಎಳೆಎಳೆಯಾಗಿ ಬರುತ್ತದೆ.

ಇದಕ್ಕೆ ಉಪಾಯ ಸರಳ. ಬೆರೆಸಿದ ಕೂಡಲೇ ಅದನ್ನು ಅಲ್ಯುಮಿನಿಯಂ ಹಾಳೆಯ ಮೇಲೆ ತೆಳ್ಳಗೆ ಸುರಿದುಬಿಡುವುದು. ತಟ್ಟೆಗೆ ಸುರಿದ ಕಾಫಿ ಬೇಗ ಆರುವಂತೆ ಶಾಖ ಅಗಲವಾದ ಮೇಲ್ಮೈಯಿಂದ ಹೊರಟುಹೋಗುತ್ತದೆ, ಕೆಲಸಕ್ಕೆ ಹೆಚ್ಚು ಸಮಯ ಸಿಗುತ್ತದೆ. ಒಂದೇ ಏಟಿಗೆ ಎರಡು ಲಾಭ. ಗುಳ್ಳೆಗಳೂ ಬೇಗ ಹೊರಬರುತ್ತವೆ.

ಗುಳ್ಳೆಗಳು ಏಕೆ ಹಟ ಮಾಡುತ್ತವೆ?

ಜೇನಿನಂಥ ಮಂದ ದ್ರವದಲ್ಲಿ ಗುಳ್ಳೆ ಮೇಲೇರುವ ವೇಗ ಅದರ ಗಾತ್ರವನ್ನು ಅವಲಂಬಿಸಿದೆ. ಸ್ಟೋಕ್ಸ್ ನಿಯಮದ ಪ್ರಕಾರ ವ್ಯಾಸ ಅರ್ಧವಾದರೆ ವೇಗ ಕಾಲು ಭಾಗವಾಗುತ್ತದೆ. ವ್ಯಾಸ ಹತ್ತರಲ್ಲೊಂದಾದರೆ ವೇಗ ನೂರರಲ್ಲೊಂದು! ರಭಸದಿಂದ ಕಲಕಿದಾಗ ಹುಟ್ಟುವ ಸಣ್ಣ ಸಣ್ಣ ಗುಳ್ಳೆಗಳು ಎಪಾಕ್ಸಿ ಗಟ್ಟಿಯಾಗುವ ಮೊದಲು ಮೇಲೆ ಬರಲಾರವು. ಮೊಟ್ಟೆ ಗೊಟಾಯಿಸುವಂತೆ ಕಲಕಬಾರದು ಎಂಬುದು ಇದಕ್ಕೇ. ಹಾಳೆಯ ಮೇಲೆ ತೆಳ್ಳಗೆ ಹರಡಿದಾಗ ಗುಳ್ಳೆ ಏರಬೇಕಾದ ದೂರವೇ ಕಡಿಮೆಯಾಗುತ್ತದೆ.

ಇನ್ನೂ ಒಂದು ಕಳ್ಳದಾರಿಯಿದೆ. ನೂಲಿನ ಎಳೆಗಳ ನಡುವೆ, ಉಂಗುರದ ಪಾದದ ಇಕ್ಕೆಲಗಳ ಸಂದಿನಲ್ಲಿ ಗಾಳಿ ಅಡಗಿರುತ್ತದೆ. ಕೋಣೆ ಕಾದಂತೆ ಆ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಬೆಳಗಿನ ತಂಪಿನಲ್ಲಿ ನುಣುಪಾಗಿ ಬಳಿದ ಲೇಪದಲ್ಲಿ ಬಿಸಿಲೇರಿದ ಮೇಲೆ ಗುಳ್ಳೆ ಕಾಣಿಸಿಕೊಳ್ಳುವುದು ಹೀಗೆ. ಕೋಣೆಯ ಉಷ್ಣತೆ ಒಂದೇ ಸಮನಾಗಿರುವ ಅಥವಾ ನಿಧಾನವಾಗಿ ಇಳಿಯುವ ಹೊತ್ತು ಈ ಕೆಲಸಕ್ಕೆ ಒಳ್ಳೆಯದು. ಮೊದಲ ಲೇಪವನ್ನು ತೆಳ್ಳಗೆ ಬಳಿದು, ಅದು ಸಂದುಗಳಿಗೆಲ್ಲ ಇಳಿಯಲು ಬಿಡಬೇಕು. ಹೊಳಪಿನ ಚಿಂತೆಯನ್ನು ಎರಡನೆಯ ಲೇಪಕ್ಕೆ ಬಿಡಬೇಕು.

ಉಳಿದ ಗುಳ್ಳೆಗಳನ್ನು ಒಡೆಯಲು ಸ್ಪಿರಿಟ್ ದೀಪದ ಜ್ವಾಲೆಯನ್ನು ತಿರುಗುತ್ತಿರುವ ಕೋಲಿನ ಕೆಳಗೆ ಕ್ಷಣಮಾತ್ರ ಹಾಯಿಸುತ್ತಾರೆ. ಬಿಸಿಗೆ ದ್ರವದ ಸ್ನಿಗ್ಧತೆ ಇಳಿಯುತ್ತದೆ, ಗುಳ್ಳೆ ಹಿಗ್ಗಿ ಒಡೆಯುತ್ತದೆ. ಸ್ಪಿರಿಟ್ ಮಸಿಯಿಲ್ಲದೆ ಉರಿಯುತ್ತದೆ. ಮೇಣದ ಬತ್ತಿ ಹಿಡಿದರೆ ಲೇಪಕ್ಕೆ ಮಸಿ ಕೂರುತ್ತದೆ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸಿದರೆ ಲೇಪ ಹರಿದುಹೋಗುತ್ತದೆ, ಕೋಲಿಗೂ ಹಾನಿಯಾಗುತ್ತದೆ. ಇದು ದೊಡ್ಡವರೇ ಮಾಡಬೇಕಾದ ಕೆಲಸ. ಆಗ ಹತ್ತಿರದಲ್ಲಿ ಸ್ಪಿರಿಟ್ ಬಾಟಲಿಯಾಗಲಿ, ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಾಗಲಿ ಇರಕೂಡದು.

ತಿರುಗುವ ಕೋಲಿನ ಗುಟ್ಟು

ಎಪಾಕ್ಸಿ ಬಳಿದ ಕೋಲನ್ನು ಅಡ್ಡಲಾಗಿ ಇಟ್ಟು ಹೋದರೆ ಗುರುತ್ವಾಕರ್ಷಣೆ ಲೇಪವನ್ನು ಕೆಳಗೆಳೆಯುತ್ತದೆ. ಮೇಲುಭಾಗ ಬರಿದಾಗಿ ತಳದಲ್ಲಿ ತೊಟ್ಟು ಕಟ್ಟುತ್ತದೆ. ಆದ್ದರಿಂದ ಕೋಲಿನ ತುದಿಗೆ ಸಣ್ಣ ಮೋಟಾರು ಜೋಡಿಸಿ ನಿಮಿಷಕ್ಕೆ ಸುಮಾರು ಹತ್ತು ಸುತ್ತಿನಂತೆ ಕೆಲವು ಗಂಟೆ ತಿರುಗಿಸುತ್ತಾರೆ. ಮೋಟಾರು ಇಲ್ಲದವರು ಕೆಲವು ನಿಮಿಷಕ್ಕೊಮ್ಮೆ ಕೈಯಿಂದಲೇ ಅರ್ಧ ಸುತ್ತು ತಿರುಗಿಸುತ್ತ ಕೂರುತ್ತಾರೆ.

ತಿರುಗಿದರೆ ಎಪಾಕ್ಸಿ ಹೊರಕ್ಕೆ ಸಿಡಿಯುವುದಿಲ್ಲವೇ? ಲೆಕ್ಕ ಹಾಕಿ ನೋಡಬಹುದು. ಕೋಲಿನ ತ್ರಿಜ್ಯ 5 ಮಿಲಿಮೀಟರ್, ನಿಮಿಷಕ್ಕೆ 10 ಸುತ್ತು ಎಂದುಕೊಳ್ಳೋಣ. ಕೋನೀಯ ವೇಗ ಸೆಕೆಂಡಿಗೆ 1.05 ರೇಡಿಯನ್. ಅದರ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ ಸುಮಾರು 0.0055 ಮೀಟರ್ ಪ್ರತಿ ಸೆಕೆಂಡ್ ವರ್ಗ ಬರುತ್ತದೆ. ಇದು ಗುರುತ್ವದ 9.8ರಲ್ಲಿ ಸುಮಾರು 1,800ನೆಯ ಒಂದು ಪಾಲು. ಹೊರಕ್ಕೆ ಎಸೆಯುವ ಬಲ ಇಲ್ಲವೆಂದೇ ತಿಳಿಯಬೇಕು. ತಿರುಗುವಿಕೆ ಗುರುತ್ವವನ್ನು ಸೋಲಿಸುವುದಿಲ್ಲ. ಒಂದು ಕಡೆಗೆ ಹರಿಯಲು ಹೊರಟ ದ್ರವ ಬಹಳ ದೂರ ಹೋಗುವ ಮೊದಲೇ ಆ ಕಡೆ ಮೇಲಾಗಿಬಿಡುತ್ತದೆ, ಅಷ್ಟೇ.

ಈ ನಡುವೆ ಮೇಲ್ಮೈ ಎಳೆತ ತನ್ನ ಕೆಲಸ ಮಾಡುತ್ತಿರುತ್ತದೆ. ಕುಂಚದ ಗೆರೆಗಳನ್ನು ಅದು ಸಮ ಮಾಡುತ್ತದೆ. ಆದರೆ ಎಪಾಕ್ಸಿ ಅತಿಯಾದರೆ ಅದೇ ಮೇಲ್ಮೈ ಎಳೆತ ಅದನ್ನು ನಡುವೆ ಉಬ್ಬಿಸಿ, ಎರಡು ತುದಿಗಳಲ್ಲಿ ಚೂಪಾಗಿಸಿ, ನೆಲ್ಲಿಕಾಯಿ ನುಂಗಿದಂತೆ ಕಾಣಿಸುತ್ತದೆ. ಅತಿಯಾದದ್ದನ್ನು ತೆಗೆಯುವ ಬಗೆಯೂ ಗುರುತ್ವದಿಂದಲೇ. ಬಳಿದ ಕೆಲವು ನಿಮಿಷಗಳ ನಂತರ ತಿರುಗುವುದನ್ನು ತುಸು ನಿಲ್ಲಿಸಬೇಕು. ಹೆಚ್ಚಿನದು ತಳಕ್ಕೆ ಇಳಿಯುತ್ತದೆ. ಒಣ ಕುಂಚದ ತುದಿಯಿಂದ ಅದನ್ನು ಎತ್ತಿಕೊಂಡು ಮತ್ತೆ ತಿರುಗಿಸಬೇಕು.

ಅಂಚು ನೇರವಾಗಿ ಬರಲು ಕುಂಚವನ್ನು ಸುತ್ತ ಆಡಿಸಬಾರದು. ಕುಂಚವನ್ನು ಅಲುಗಾಡದಂತೆ ಹಿಡಿದು ಕೋಲನ್ನು ತಿರುಗಿಸಬೇಕು. ಕುಂಬಾರನ ಚಕ್ರದ ನ್ಯಾಯವೇ ಇಲ್ಲೂ. ನೂಲಿನಿಂದ ಒಂದೆರಡು ಮಿಲಿಮೀಟರ್ ಆಚೆಗೆ ಲೇಪ ಹೋದರೆ ನೀರು ಒಳಸೇರದಂತೆ ಬಾಯಿ ಮುಚ್ಚುತ್ತದೆ.

ಬೆರಳಿನ ಎಣ್ಣೆ, ಮಳೆಗಾಲದ ಮಬ್ಬು

ಕೆಲವು ಲೇಪಗಳಲ್ಲಿ ಅಲ್ಲಲ್ಲಿ ದುಂಡಗಿನ ಕುಳಿಗಳು ಬಿದ್ದಿರುತ್ತವೆ. ಇವನ್ನು ‘ಮೀನುಗಣ್ಣು’ ಎನ್ನುತ್ತಾರೆ. ಗುಳ್ಳೆಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಎಣ್ಣೆಯೋ ಮೇಣವೋ ಸಿಲಿಕೋನೋ ಇದೆ. ಕೆಸುವಿನ ಎಲೆಯಿಂದ ನೀರು ಸರಿದುಕೊಳ್ಳುವಂತೆ ಎಪಾಕ್ಸಿ ಆ ಜಾಗದಿಂದ ಸರಿದುಕೊಂಡಿದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಲ್ಲಿ ನೂಲು ಮುಟ್ಟಿದರೂ ಸಾಕು. ಆಸ್ಪತ್ರೆಯ ಸಿರಿಂಜುಗಳಲ್ಲಿ ಒಳದಂಡ ಸಲೀಸಾಗಿ ಜಾರಲೆಂದು ಸಿಲಿಕೋನ್ ಸವರಿರುತ್ತಾರೆ. ಅದೂ ಕುಳಿಗೆ ಕಾರಣವಾಗುತ್ತದೆ. ಆದ್ದರಿಂದ ಸಿಲಿಕೋನ್ ಇಲ್ಲದ ಸಿರಿಂಜ್ ಬಳಸಬೇಕು, ಕೋಲನ್ನು ಮೊದಲೇ ಆಲ್ಕೊಹಾಲ್‌ನಿಂದ ಒರೆಸಿ ಆರಲು ಬಿಡಬೇಕು.

ಕರಾವಳಿ, ಮಲೆನಾಡುಗಳ ಮಳೆಗಾಲದಂಥ ತೇವದ ಹವೆಯಲ್ಲಿ ಇನ್ನೊಂದು ತೊಂದರೆ ಕಾಣಿಸಬಹುದು. ಲೇಪದ ಮೇಲೆ ಮೇಣದಂಥ ಮಬ್ಬು ಪೊರೆ ಕೂರುತ್ತದೆ. ಗಟ್ಟಿಕಾರಕದ ಅಮೀನ್, ತನ್ನ ಜೋಡಿಯನ್ನು ಹುಡುಕುವ ಮೊದಲೇ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್‌ಗಳೊಂದಿಗೆ ಸೇರಿಕೊಂಡ ಫಲ ಅದು. ಲೇಪ ಗಟ್ಟಿಯಾದ ಮೇಲೆ ಸಾಬೂನು ನೀರಿನಿಂದ ತೊಳೆದು ಒರೆಸಿದರೆ ಆ ಪೊರೆ ಹೋಗುತ್ತದೆ. ತೊಳೆಯದೆ ಮೇಲೊಂದು ಲೇಪ ಬಳಿದರೆ ಎರಡೂ ಒಂದಕ್ಕೊಂದು ಅಂಟುವುದಿಲ್ಲ. ಕೋಣೆಯನ್ನು ತುಸು ಬೆಚ್ಚಗಿಟ್ಟರೆ ಗಾಳಿಯ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. 21ರಿಂದ 27 ಡಿಗ್ರಿ ಸೆಲ್ಸಿಯಸ್ ಈ ಕೆಲಸಕ್ಕೆ ಹದವಾದ ಉಷ್ಣತೆ. ದೂಳು ಬೇರೆ ಶತ್ರು. ಕೆಲಸಕ್ಕೆ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ನಿಲ್ಲಿಸುವುದು ಹಳೆಯ ಹಾಗೂ ಒಳ್ಳೆಯ ಉಪಾಯ.

ಬಿಳಿ ನೂಲು ಎಲ್ಲಿ ಹೋಯಿತು?

ಮೊದಲ ಸಲ ಈ ಕೆಲಸ ಮಾಡುವವರು ಬೆಚ್ಚಿಬೀಳುವ ಸಂಗತಿ ಒಂದಿದೆ. ಬಿಳಿ ನೈಲಾನ್ ನೂಲಿನ ಮೇಲೆ ಎಪಾಕ್ಸಿ ಬಳಿದ ಕೂಡಲೇ ಬಿಳುಪು ಮಾಯವಾಗಿ, ಕೆಳಗಿನ ಕಪ್ಪು ಕೋಲು ಕಾಣತೊಡಗುತ್ತದೆ! ನೂಲು ಬಣ್ಣ ಬಿಟ್ಟಿದ್ದಲ್ಲ. ಬಿಳಿ ನೂಲು ಬೆಳ್ಳಗೆ ಕಾಣುವುದು, ನಾರುಗಳ ನಡುವಿನ ಗಾಳಿಯಲ್ಲಿ ಬೆಳಕು ಚದುರುವುದರಿಂದ. ನೈಲಾನಿನ ವಕ್ರೀಭವನ ಸೂಚ್ಯಂಕ ಸುಮಾರು 1.53. ಎಪಾಕ್ಸಿಯದೂ ಹೆಚ್ಚುಕಡಿಮೆ ಅಷ್ಟೇ. ಗಾಳಿಯ ಜಾಗವನ್ನು ಎಪಾಕ್ಸಿ ತುಂಬಿದ ಮೇಲೆ ಬೆಳಕಿಗೆ ಎರಡರ ನಡುವಿನ ಗಡಿಯೇ ತಿಳಿಯುವುದಿಲ್ಲ, ನೇರ ಹಾದುಹೋಗುತ್ತದೆ. ಬೋಂಡಾ ಕಟ್ಟಿದ ಕಾಗದ ಎಣ್ಣೆ ಹೀರಿ ಪಾರದರ್ಶಕವಾಗುವುದೂ ಇದೇ ಕಾರಣಕ್ಕೆ. ಬಣ್ಣ ಉಳಿಯಬೇಕೆಂದರೆ ಮೊದಲು ಬಣ್ಣರಕ್ಷಕ ದ್ರಾವಣ ಹಚ್ಚಬೇಕು, ಇಲ್ಲವೇ ಬಣ್ಣ ಮಾಸದಂತೆ ತಯಾರಿಸಿದ ನೂಲನ್ನೇ ಬಳಸಬೇಕು.

ಕೈ ಜೋಪಾನ

ತಂದೆತಾಯಿಯರು ಮುಖ್ಯವಾಗಿ ಓದಬೇಕಾದ ಭಾಗ ಇದು. ಪೂರ್ತಿ ಗಟ್ಟಿಯಾದ ಎಪಾಕ್ಸಿಯಿಂದ ಭಯವಿಲ್ಲ. ಹಸಿ ಎಪಾಕ್ಸಿ ಹಾಗಲ್ಲ. ರಾಳವೂ ಗಟ್ಟಿಕಾರಕವೂ ಚರ್ಮಕ್ಕೆ ಪದೇ ಪದೇ ತಗುಲಿದರೆ ಅಲರ್ಜಿ ಹುಟ್ಟಬಹುದು. ಎಷ್ಟೋ ದಿನ ಏನೂ ಆಗದೆ, ಒಂದು ದಿನ ಇದ್ದಕ್ಕಿದ್ದಂತೆ ತುರಿಕೆ, ಕೆಂಪು, ಗುಳ್ಳೆ ಕಾಣಿಸುತ್ತದೆ. ಒಮ್ಮೆ ದೇಹ ಅದನ್ನು ಶತ್ರುವೆಂದು ಗುರುತಿಸಿತೆಂದರೆ ಆ ನೆನಪು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಮುಂದೆ ತೀರಾ ಸ್ವಲ್ಪ ತಗುಲಿದರೂ ತೊಂದರೆ. ‘ಇಷ್ಟು ದಿನ ಏನೂ ಆಗಿಲ್ಲ’ ಎಂಬ ಧೈರ್ಯಕ್ಕೆ ಇಲ್ಲಿ ಬೆಲೆಯಿಲ್ಲ.

ಆದ್ದರಿಂದ ನೈಟ್ರೈಲ್ ಕೈಗವಸು ತೊಡಬೇಕು, ಕಿಟಕಿ ತೆರೆದ ಕೋಣೆಯಲ್ಲಿ ಕೂರಬೇಕು. ಕೈಗೆ ತಗುಲಿದರೆ ಕೂಡಲೇ ಸಾಬೂನು ನೀರಿನಿಂದ ತೊಳೆಯಬೇಕು. ಥಿನ್ನರ್, ಸ್ಪಿರಿಟ್‌ಗಳಿಂದ ಕೈ ಒರೆಸಿಕೊಳ್ಳಬಾರದು. ಅವು ಎಪಾಕ್ಸಿಯನ್ನು ಕರಗಿಸಿ ಚರ್ಮದೊಳಕ್ಕೆ ಸಾಗಿಸುತ್ತವೆ. ಗಟ್ಟಿಯಾದ ಲೇಪವನ್ನು ಉಜ್ಜುವಾಗ ದೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಬೇಕು. ಮೇಲೆ ಗಟ್ಟಿಯಾದಂತೆ ಕಂಡರೂ ಪೂರ್ತಿ ಬಲ ಬರಲು ಒಂದು ವಾರ ಬೇಕು. ಅಲ್ಲಿಯವರೆಗೆ ಕೋಲನ್ನು ನದಿಗೆ ಒಯ್ಯದಿರುವುದೇ ಜಾಣತನ.

ಒಯ್ಯುವ ನದಿ ಯಾವುದೆಂಬುದನ್ನೂ ನೋಡಬೇಕು. ಕಾವೇರಿಯ ಹೆಮ್ಮೆಯಾದ ಕಿತ್ತಳೆ ರೆಕ್ಕೆಯ ಮಹಸೀರ್ ಮೀನನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ. ಅಭಯಾರಣ್ಯಗಳಲ್ಲಿ, ದೇವಸ್ಥಾನಗಳ ಮತ್ಸ್ಯಧಾಮಗಳಲ್ಲಿ ಗಾಳ ಹಾಕುವಂತಿಲ್ಲ.

ಮನೆಯಲ್ಲೇ ಮಾಡಿ ನೋಡಿ

ಎಪಾಕ್ಸಿ ಇಲ್ಲದೆಯೂ ಈ ಪಾಠಗಳನ್ನು ಕಲಿಯಬಹುದು. ಮೂರು ಸುಲಭ ಪ್ರಯೋಗಗಳು ಇಲ್ಲಿವೆ.

1. ಪೆನ್ಸಿಲಿನ ನಡುಭಾಗಕ್ಕೆ ಜೇನುತುಪ್ಪ ಸವರಿ ಅಡ್ಡಲಾಗಿ ಹಿಡಿಯಿರಿ. ತೊಟ್ಟು ಕಟ್ಟಲು ಎಷ್ಟು ಹೊತ್ತು ಬೇಕೆಂದು ಎಣಿಸಿ. ಈಗ ಪೆನ್ಸಿಲನ್ನು ನಿಧಾನವಾಗಿ ಉರುಳಿಸುತ್ತಿರಿ. ತೊಟ್ಟು ಬೀಳದಿರಲು ಎಷ್ಟು ವೇಗ ಸಾಕು? ಜೇನನ್ನು ತುಸು ಬೆಚ್ಚಗೆ ಮಾಡಿದರೆ ಏನಾಗುತ್ತದೆ?

2. ಕಪ್ಪು ಪೆನ್ಸಿಲಿಗೆ ತೆಳುವಾದ ಬಿಳಿ ಹೊಲಿಗೆ ದಾರ ಒತ್ತಾಗಿ ಸುತ್ತಿ. ಅರ್ಧ ಭಾಗಕ್ಕೆ ಕೊಬ್ಬರಿ ಎಣ್ಣೆ ಸವರಿ, ಎರಡೂ ಭಾಗಗಳನ್ನು ಹೋಲಿಸಿ.

3. ಮುಚ್ಚಿದ ಶಾಂಪೂ ಬಾಟಲಿಯನ್ನು ಅಲುಗಾಡಿಸಿ ನಿಲ್ಲಿಸಿ. ದೊಡ್ಡ ಗುಳ್ಳೆ, ಸಣ್ಣ ಗುಳ್ಳೆಗಳಲ್ಲಿ ಯಾವುದು ಮೊದಲು ಮೇಲೆ ಬರುತ್ತದೆ? ಸ್ಟೋಕ್ಸ್ ನಿಯಮ ಕಣ್ಣೆದುರೇ ಇದೆ.

ಕೋಲಿನಿಂದ ವಿಮಾನದವರೆಗೆ

ಹವ್ಯಾಸದ ಕೋಲೊಂದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಯಾರಾದರೂ ಕೇಳಬಹುದು. ಕಂಪ್ಯೂಟರಿನೊಳಗಿನ ಹಸಿರು ಹಲಗೆ ಗಾಜಿನ ನಾರು ಮತ್ತು ಎಪಾಕ್ಸಿಯಿಂದ ಆದದ್ದು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ತಯಾರಿಸುವ ತೇಜಸ್ ಯುದ್ಧವಿಮಾನದ ಒಡಲಿನಲ್ಲಿ ಕಾರ್ಬನ್ ನಾರಿನ ಸಂಯೋಜಿತ ವಸ್ತುಗಳ ಪಾಲು ದೊಡ್ಡದು. ಅಲ್ಲಿಯೂ ಅಳತೆ, ಬೆರಕೆ, ಉಷ್ಣತೆ, ಸ್ವಚ್ಛತೆ ಇವೇ ನಾಲ್ಕು ಮಾತುಗಳು. ಅಲ್ಲಿಯೂ ಗುಳ್ಳೆಯೇ ಶತ್ರು. ಗಾಳದ ಕೋಲಿನಲ್ಲಿ ಗುಳ್ಳೆ ಉಳಿದರೆ ಅಂದ ಕೆಡುತ್ತದೆ. ರೆಕ್ಕೆಯಲ್ಲಿ ಗುಳ್ಳೆ ಉಳಿದರೆ ಜೀವಕ್ಕೇ ಅಪಾಯ.

ಕೆಲಸ ಚೆನ್ನಾಗಿ ಆಗಿದೆಯೇ ಎಂದು ನೋಡಲು ಉಪಕರಣವೇನೂ ಬೇಡ. ಗಟ್ಟಿಯಾದ ಕೋಲನ್ನು ಉರಿಯುವ ಟ್ಯೂಬ್‌ಲೈಟಿನ ಕೆಳಗೆ, ಅದಕ್ಕೆ ಸಮಾನಾಂತರವಾಗಿ ಹಿಡಿಯಬೇಕು. ಲೇಪದ ಮೇಲೆ ದೀಪದ ಪ್ರತಿಬಿಂಬ ಬೆಳ್ಳನೆಯ ಗೆರೆಯಾಗಿ ಕಾಣುತ್ತದೆ. ಕೋಲನ್ನು ತಿರುಗಿಸಿದರೂ ಆ ಗೆರೆ ನೇರವಾಗಿಯೇ ಇದ್ದರೆ ಲೇಪ ಸಮವಾಗಿದೆ. ಗೆರೆ ಡೊಂಕಾದ ಕಡೆ ಉಬ್ಬಿದೆ, ತುಂಡಾದ ಕಡೆ ಕುಳಿಯಿದೆ, ಮಸುಕಾದ ಕಡೆ ಪೊರೆಯಿದೆ. ಯಾವ ನಿಮಿಷದಲ್ಲಿ ಏನು ತಪ್ಪಿತೆಂಬುದನ್ನು ಆ ಗೆರೆಯೇ ಹೇಳುತ್ತದೆ. ಓದಿಕೊಳ್ಳಲು ಬಂದವರಿಗೆ ಮುಂದಿನ ಕೋಲು ಇದಕ್ಕಿಂತ ನುಣುಪಾಗಿ ಬರುತ್ತದೆ.